ಠಾಣೆಯಿಂದ ಕರೆ ಬಂದರೆ: ಖಾಕಿ, ಬೀಟ್ ಮತ್ತು 24 ತಾಸಿನ ಲೆಕ್ಕ

ಬೆಳಗಿನ ಐದು ಗಂಟೆಗೆ ಕೊಪ್ಪಳ, ರಾಯಚೂರು, ಬಳ್ಳಾರಿ ಯಾವುದೇ ಊರಿನ ಮೈದಾನಕ್ಕೆ ಹೋಗಿ ನೋಡಿ. ಹುಡುಗರು ಓಡುತ್ತಿರುತ್ತಾರೆ. ದಂಡೆಯಲ್ಲಿ ಒಬ್ಬ ಮೊಬೈಲ್ ಹಿಡಿದು ಟೈಮ್ ನೋಡುತ್ತಿರುತ್ತಾನೆ. 1,600 ಮೀಟರ್, ಆರೂವರೆ ನಿಮಿಷ. ಕಾನ್‌ಸ್ಟೆಬಲ್ ಆಗಬೇಕು ಅನ್ನುವವರಿಗೆ ಈ ಲೆಕ್ಕ ಬಾಯಿಪಾಠ.

ಅದೇ ಊರಲ್ಲಿ, ಅದೇ ವಯಸ್ಸಿನ ಇನ್ನೊಬ್ಬನ ತಾಯಿ ರಾತ್ರಿ ಹತ್ತಕ್ಕೆ ಪರಿಚಯದವರಿಗೆ ಫೋನ್ ಹಚ್ಚುತ್ತಾಳೆ. "ಅಣ್ಣಾ, ನಮ್ಮ ಹುಡುಗನ್ನ ಸ್ಟೇಷನ್‌ಗೆ ಕರ್ಕೊಂಡು ಹೋಗ್ಯಾರ. ಏನು ಮಾಡ್ಬೇಕ್ರಿ?" ಆ ಕಡೆಯಿಂದ ಸಾಮಾನ್ಯವಾಗಿ ಬರುವ ಉತ್ತರ ಎರಡೇ. ಒಂದು, "ಯಾರಾದ್ರೂ ಲೀಡರ್‌ಗೆ ಫೋನ್ ಮಾಡ್ಸಿ." ಇನ್ನೊಂದು, "ಬೆಳಿಗ್ಗೆ ಬಿಡ್ತಾರೆ, ಸುಮ್ನಿರಿ." ಕಾನೂನು ಏನು ಹೇಳುತ್ತದೆ ಅನ್ನುವುದು ಮೂರನೆಯ ಉತ್ತರ. ಅದು ಗೊತ್ತಿರುವವರು ಕಡಿಮೆ.

ಈಗ ಇದನ್ನು ತಿಳಿದುಕೊಳ್ಳಬೇಕಾದ ಕಾರಣವೂ ಇದೆ. 2024ರ ಜುಲೈ 1ರಿಂದ ಅಪರಾಧ, ಶಿಕ್ಷೆ ಹೇಳುವ ಐಪಿಸಿ, ಪೊಲೀಸರು ಮತ್ತು ಕೋರ್ಟು ನಡೆಯಬೇಕಾದ ಕ್ರಮ ಹೇಳುವ ಸಿಆರ್‌ಪಿಸಿ ಎರಡೂ ಹೋಗಿ ಹೊಸ ಕಾನೂನು ಬಂದಿವೆ. 2025ರ ಜುಲೈನಲ್ಲಿ ರಾಜ್ಯದಲ್ಲಿ 'ಮನೆ ಮನೆಗೆ ಪೊಲೀಸ್' ಶುರುವಾಯಿತು. ಅಂದರೆ ಪೊಲೀಸರು ಮನೆ ಬಾಗಿಲಿಗೆ ಬರುವುದು ಜಾಸ್ತಿಯಾಗಿದೆ, ಅವರು ಪಾಲಿಸಬೇಕಾದ ಪುಸ್ತಕವೂ ಬದಲಾಗಿದೆ.

ಉದಾಹರಣೆಗೆ ಒಬ್ಬ ಹುಡುಗನನ್ನು ಇಟ್ಟುಕೊಳ್ಳೋಣ. ಹೆಸರು ಹನುಮೇಶ, 22 ವರ್ಷ, ಸಿಂಧನೂರು ತಾಲ್ಲೂಕಿನವನು, ಅಕ್ಕಿ ಗಿರಣಿಯಲ್ಲಿ ಕೆಲಸ. ಹೆಸರೂ ಕಥೆಯೂ ಕಲ್ಪಿತ. ಅವನೂ ಬೆಳಿಗ್ಗೆ ಓಡುವವನೇ. ಕಾಲುವೆ ಪಕ್ಕದ ಹೊಲದಲ್ಲಿ ಯಾರದೋ ಪಂಪ್‌ಸೆಟ್ ಕೇಬಲ್ ಕಳುವಾಗಿದೆ. ಹನುಮೇಶನ ಮೇಲೆ ಅನುಮಾನ ಬಂದಿದೆ.

ಮೂರು ಪದ, ಮೂರು ಹಂತ

ಮೊದಲು ಪದಗಳನ್ನು ಸರಿ ಮಾಡಿಕೊಳ್ಳೋಣ. ನಮ್ಮ ಕಡೆ ಎಲ್ಲರನ್ನೂ 'ಕಳ್ಳ' ಅಂದುಬಿಡುತ್ತೇವೆ. ಕಾನೂನು ಹಾಗೆ ಅನ್ನುವುದಿಲ್ಲ.

ಅನುಮಾನ ಇರುವವನು ಶಂಕಿತ. ಇವನೇ ಮಾಡಿದ್ದಾನೆ ಎಂದು ಪ್ರಕರಣದಲ್ಲಿ ಹೆಸರು ಸೇರಿದರೆ ಆರೋಪಿ. ಸಾಕ್ಷಿ, ವಾದ ಎಲ್ಲ ಮುಗಿದು ನ್ಯಾಯಾಧೀಶರು 'ತಪ್ಪು ಮಾಡಿದ್ದು ಸಾಬೀತಾಗಿದೆ' ಅಂದ ಮೇಲಷ್ಟೇ ಅಪರಾಧಿ. ಕಣಕ್ಕೆ ಬಂದ ಭತ್ತ ಅಕ್ಕಿ ಆಗಿರುವುದಿಲ್ಲ ಅಲ್ವಾ? ಗಿರಣಿಗೆ ಹೋಗಬೇಕು, ಹೊಟ್ಟು ಬೇರೆ ಆಗಬೇಕು. ಕೋರ್ಟು ಆ ಗಿರಣಿ. ಠಾಣೆ ಅಲ್ಲ.

ಇನ್ನೊಂದು ಜೋಡಿ ಪದ: 'ವಶಕ್ಕೆ ಪಡೆದಿದ್ದಾರೆ' ಮತ್ತು 'ಬಂಧಿಸಿದ್ದಾರೆ'. ಪತ್ರಿಕೆಗಳಲ್ಲಿ ಎರಡೂ ಬರುತ್ತವೆ. ಆದರೆ 'ಬಂಧನ ಅಲ್ಲ, ಸುಮ್ನೆ ಕೂರಿಸಿಕೊಂಡಿದ್ದೇವೆ' ಎಂದು ಎರಡು ದಿನ ಒಬ್ಬನನ್ನು ಠಾಣೆಯಲ್ಲಿ ಇಟ್ಟುಕೊಳ್ಳಲು ಕಾನೂನಿನಲ್ಲಿ ಜಾಗ ಇಲ್ಲ. ಎದ್ದು ಮನೆಗೆ ಹೋಗುವ ಸ್ವಾತಂತ್ರ್ಯ ಅವನಿಗೆ ಇದೆಯಾ ಇಲ್ವಾ, ಅದೇ ಮುಖ್ಯ. ಠಾಣೆಯ ಡೈರಿಯಲ್ಲಿ ಅದಕ್ಕೆ ಯಾವ ಹೆಸರು ಬರೆದಿದ್ದಾರೆ ಅನ್ನುವುದಲ್ಲ.

ಖಾಕಿ ಒಳಗೆ ಹೋಗುವ ದಾರಿ

ಹನುಮೇಶನ ಮನೆಗೆ ಬರುವ ಪೊಲೀಸ್ ಯಾರು? ಬಹುಮಟ್ಟಿಗೆ ಅವನಂಥದೇ ಇನ್ನೊಂದು ಹಳ್ಳಿಯ ಹುಡುಗ, ಒಂದೈದು ವರ್ಷ ದೊಡ್ಡವನು.

ಪೊಲೀಸ್ ಅನ್ನುವುದು ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ರಾಜ್ಯದ ವಿಷಯ. ಹಾಗಾಗಿ ನೇಮಕವನ್ನು ರಾಜ್ಯವೇ ಮಾಡುತ್ತದೆ. ಠಾಣೆಯಲ್ಲಿ ಕೂತು ದೂರು ತೆಗೆದುಕೊಳ್ಳುವ, ಬೀಟ್ ಮಾಡುವ ಸಿವಿಲ್ ಕಾನ್‌ಸ್ಟೆಬಲ್ ಆಗಲು ಪಿಯುಸಿ ಪಾಸಾಗಿರಬೇಕು. ಬಂದೋಬಸ್ತ್, ಕಾವಲು ಕೆಲಸದ ಸಶಸ್ತ್ರ ಕಾನ್‌ಸ್ಟೆಬಲ್‌ಗೆ ಎಸ್ಸೆಸ್ಸೆಲ್ಸಿ ಸಾಕು. ಪಿಎಸ್‌ಐ, ಅಂದರೆ ಸಬ್ ಇನ್‌ಸ್ಪೆಕ್ಟರ್ ಆಗಲು ಪದವಿ ಬೇಕು. ಸಿವಿಲ್ ಕಾನ್‌ಸ್ಟೆಬಲ್‌ಗೆ ಇತ್ತೀಚಿನ ನೇಮಕಗಳಲ್ಲಿ ಮೊದಲು ನೂರು ಅಂಕದ ಲಿಖಿತ ಪರೀಕ್ಷೆ. ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ಅದು ದಾಟಿದರೆ ಎತ್ತರ, ಎದೆ ಸುತ್ತಳತೆ, ಓಟ, ಜಿಗಿತ, ಗುಂಡು ಎಸೆತ. ಗಂಡುಮಕ್ಕಳಿಗೆ 168 ಸೆಂಟಿಮೀಟರ್ ಎತ್ತರ, ಹೆಣ್ಣುಮಕ್ಕಳಿಗೆ 157. ಹೆಣ್ಣುಮಕ್ಕಳ ಓಟ 400 ಮೀಟರ್, ಎರಡು ನಿಮಿಷದೊಳಗೆ. ಆಮೇಲೆ ವೈದ್ಯಕೀಯ ಪರೀಕ್ಷೆ, ನಡತೆ ಪರಿಶೀಲನೆ, ತರಬೇತಿ.

ನಮ್ಮ ಮೂರು ಜಿಲ್ಲೆಗಳಿಗೆ ಇಲ್ಲಿ ಒಂದು ವಿಶೇಷ ಇದೆ, ಸಂವಿಧಾನದ 371(ಜೆ). 2012ರ 98ನೇ ತಿದ್ದುಪಡಿಯಿಂದ ಬಂದ ಈ ವಿಧಿಯಡಿ ಹೊರಟ ಆದೇಶದ ಪ್ರಕಾರ ಈ ಭಾಗದ ಗ್ರೂಪ್ 'ಸಿ' ಹುದ್ದೆಗಳಲ್ಲಿ ಶೇ 80 ಸ್ಥಳೀಯರಿಗೆ ಮೀಸಲು. ಕಾನ್‌ಸ್ಟೆಬಲ್ ಹುದ್ದೆ ಈ ಗುಂಪಿನದು. ರಾಯಚೂರು, ಕೊಪ್ಪಳ ಭಾಗ ನಿಜಾಮರ ಆಡಳಿತದಲ್ಲಿತ್ತು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದು 1953ರಲ್ಲಿ ಮೈಸೂರಿಗೆ ಸೇರಿತು. ಆದರೂ ಈ ವಿಧಿಯ ಸೌಲಭ್ಯ ಬಳ್ಳಾರಿಗೂ ಇದೆ. ಅರ್ಜಿ ಹಾಕುವವರಿಗೆ ಗೊತ್ತಿರುವ 'ಅನುಬಂಧ-ಎ' ಪ್ರಮಾಣಪತ್ರ ಇದಕ್ಕೇ ಬೇಕಾಗುವುದು.

ಇದರಿಂದ ಠಾಣೆಗೆ ಏನು ಲಾಭ? ಭಾಷೆ. ಬಳ್ಳಾರಿಯ ಅರ್ಧ ಜಗಳ ತೆಲುಗಿನಲ್ಲಿ ನಡೆಯುತ್ತದೆ. ರಾಯಚೂರಿನಲ್ಲಿ ಉರ್ದು ಬರಬೇಕು. ತಾಂಡಾಗಳಲ್ಲಿ ಲಂಬಾಣಿ. ದೂರು ಕೊಡಲು ಬಂದ ಮುದುಕಿ ಏನು ಹೇಳುತ್ತಿದ್ದಾಳೆ ಅನ್ನುವುದು ಬರೆದುಕೊಳ್ಳುವವನಿಗೆ ಅರ್ಥವಾಗಬೇಕಲ್ಲ. ಎಸ್‌ಪಿ ಬೇರೆ ರಾಜ್ಯದವರಿರಬಹುದು, ಎರಡು ವರ್ಷಕ್ಕೆ ಬದಲಾಗಬಹುದು. ಕಾನ್‌ಸ್ಟೆಬಲ್ ಮಾತ್ರ ಹೆಚ್ಚಾಗಿ ತಾನು ನೇಮಕವಾದ ಜಿಲ್ಲೆಯಲ್ಲೇ ಇರುತ್ತಾನೆ. ಲಾಭದ ಜತೆ ತೊಡಕೂ ಇದೆ. ಊರಿನ ಜಾತಿ, ನೆಂಟಸ್ತನ, ಹಳೇ ಜಗಳ ಎಲ್ಲವೂ ಅವನ ಜತೆ ಠಾಣೆಗೆ ಬರುತ್ತವೆ.

ನೇಮಕ ಕೆಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ನಡೆಯಿತು. ಅಕ್ರಮ ಮೊದಲು ಬಯಲಾಗಿದ್ದು ಕಲಬುರಗಿಯ ಒಂದು ಕೇಂದ್ರದಲ್ಲಿ. 2022ರ ಏಪ್ರಿಲ್‌ನಲ್ಲಿ ಇಡೀ ಪರೀಕ್ಷೆ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರೂ ಅಷ್ಟು ದಿನ ಕಾಯ್ದರು. ಅಷ್ಟು ದಿನ ಠಾಣೆಗಳಿಗೂ ಆ ಪಿಎಸ್‌ಐಗಳು ಸಿಗಲಿಲ್ಲ.

ಬೀಟ್ ಅಂದರೆ ಏನು?

ಮೊದಲು ಊರಿಗೊಬ್ಬ ತಳವಾರ ಇರುತ್ತಿದ್ದ. ಯಾರು ಬಂದರು, ಯಾರು ಹೋದರು, ಯಾರ ಮನೆಯ ಎತ್ತು ಕಾಣೆಯಾಯಿತು, ಅವನಿಗೆ ಗೊತ್ತು. ಈಗಿನ ಬೀಟ್ ಪೊಲೀಸ್ ಹೆಚ್ಚುಕಡಿಮೆ ಅದೇ ಕೆಲಸದ ಸರ್ಕಾರಿ ರೂಪ. ಠಾಣೆಯ ವ್ಯಾಪ್ತಿಯನ್ನು ತುಂಡು ತುಂಡು ಮಾಡಿ ಒಂದೊಂದನ್ನು ಒಬ್ಬೊಬ್ಬರಿಗೆ ಕೊಡುತ್ತಾರೆ. ಆ ಹಳ್ಳಿ, ಆ ಓಣಿ ಅವರ ಜವಾಬ್ದಾರಿ. 2017ರಲ್ಲಿ ಬಂದ ಬೀಟ್ ಪದ್ಧತಿಯಲ್ಲಿ ಊರಿನ ಜನರನ್ನೂ ಬೀಟ್ ಸದಸ್ಯರಾಗಿ ಸೇರಿಸಿಕೊಳ್ಳುವ ಏರ್ಪಾಡು ಮಾಡಿದರು.

ಆಶಾ ಕಾರ್ಯಕರ್ತೆಯನ್ನು ನೆನಪಿಸಿಕೊಳ್ಳಿ. ಯಾರ ಮನೆಯಲ್ಲಿ ಬಸುರಿ ಇದ್ದಾಳೆ, ಯಾವ ಮಗುವಿಗೆ ಲಸಿಕೆ ಬಾಕಿ ಇದೆ ಅನ್ನುವುದು ಆಕೆಗೆ ಗೊತ್ತು. ಜ್ವರ ಬಂದ ಮೇಲೆ ಆಸ್ಪತ್ರೆಗೆ ಓಡುವ ಬದಲು ಮೊದಲೇ ಮನೆಗೆ ಬರುತ್ತಾಳೆ. ಸಮುದಾಯ ಪೊಲೀಸ್ ವ್ಯವಸ್ಥೆಯ ಯೋಚನೆಯೂ ಇದೇ. ಜಗಳ ಆದ ಮೇಲೆ ಲಾಠಿ ಹಿಡಿದು ಬರುವುದಕ್ಕಿಂತ, ಆಗುವ ಮೊದಲೇ ಊರನ್ನು ತಿಳಿದಿರುವುದು. ತಮಿಳುನಾಡಿನಲ್ಲಿ 1993ರಲ್ಲಿ ರಾಮನಾಥಪುರದಿಂದ ಶುರುವಾದ 'ಫ್ರೆಂಡ್ಸ್ ಆಫ್ ಪೊಲೀಸ್', ಕೇರಳದಲ್ಲಿ 2008ರ 'ಜನಮೈತ್ರಿ' ಇದೇ ದಾರಿಯವು.

ನಮ್ಮ ಕಡೆ ಇದರ ನಿಜವಾದ ಪರೀಕ್ಷೆ ಹಬ್ಬಗಳಲ್ಲಿ. ಗಣೇಶ ಮೆರವಣಿಗೆ ಯಾವ ಓಣಿಯಲ್ಲಿ ಹೋಗಬೇಕು, ಮೊಹರಂ ಪಂಜಾಗಳು ಎಷ್ಟು ಹೊತ್ತಿಗೆ ಏಳಬೇಕು, ಡಿಜೆ ಇರಬೇಕೋ ಬೇಡವೋ, ಇದೆಲ್ಲ ಠಾಣೆಯಲ್ಲಿ ಚಹಾ ಕುಡಿಯುತ್ತ ಶಾಂತಿ ಸಭೆಯಲ್ಲಿ ತೀರ್ಮಾನವಾಗುತ್ತದೆ. ಮುದಗಲ್ಲಿನ ಮೊಹರಂ ಇರಲಿ, ಕೊಪ್ಪಳದ ಗವಿಮಠದ ಜಾತ್ರೆ ಇರಲಿ, ಅಷ್ಟು ಜನ ಸೇರುವ ಜಾಗದಲ್ಲಿ ಬರೀ ಲಾಠಿಯಿಂದ ಕೆಲಸ ನಡೆಯುವುದಿಲ್ಲ. ಮುಂದೆ ನಿಂತು 'ಏ, ಹಿಂದಕ್ಕೆ ಸರೀರಪ್ಪ' ಅನ್ನುವ ಊರಿನ ಹಿರಿಯ ಬೇಕು.

ಬೀಟ್ ಪೊಲೀಸ್ ಮನೆಗೆ ಬಂದರೆ ಹೆದರಬೇಕಿಲ್ಲ. ಆದರೆ ಒಂದು ವ್ಯತ್ಯಾಸ ನೆನಪಿರಲಿ. ಭೇಟಿ ಬೇರೆ, ಶೋಧ ಬೇರೆ. ಕುಶಲ ಕೇಳಿ ನಂಬರ್ ಕೊಟ್ಟು ಹೋಗುವುದು ಭೇಟಿ. ಕಪಾಟು ತೆಗೆದು ನೋಡುವುದು ಶೋಧ. ಶೋಧಕ್ಕೆ ಸಾಮಾನ್ಯವಾಗಿ ಕೋರ್ಟಿನ ವಾರಂಟ್ ಬೇಕು. ತುರ್ತು ಇದ್ದು ವಾರಂಟ್ ಇಲ್ಲದೆ ಮಾಡಿದರೆ ಅಧಿಕಾರಿ ಕಾರಣ ಬರೆದಿಡಬೇಕು. ಹೊಸ ಕಾನೂನಿನಲ್ಲಿ ಶೋಧವನ್ನು ವಿಡಿಯೊ ಕೂಡ ಮಾಡಬೇಕು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿತು. ಆ ಪ್ರಕರಣ ಹಾಕಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಇನ್ನೊಂದು ಮಾತು. ಹೊಲದ ಬದು, ಕೈಸಾಲ, ಬಾಡಿಗೆ, ಇವು ಸಿವಿಲ್ ವಿಷಯಗಳು. ಠಾಣೆಯಲ್ಲಿ ಕೂರಿಸಿ 'ಇಷ್ಟು ಕೊಟ್ಟುಬಿಡು' ಎಂದು ತೀರ್ಪು ಕೊಡುವ ಅಧಿಕಾರ ಪೊಲೀಸರಿಗಿಲ್ಲ. ಹಾಗಿದ್ದೂ ನಾವೇ ಠಾಣೆಯ ಮೆಟ್ಟಿಲು ಹತ್ತುತ್ತೇವೆ. ಕೋರ್ಟಿಗಿಂತ ಬೇಗ ಆಗುತ್ತದೆ ಅನ್ನುವ ಆಸೆ.

ಹನುಮೇಶನಿಗೆ ಫೋನ್ ಬಂತು

ಈಗ ಹನುಮೇಶನ ಕಡೆ ಬರೋಣ. ಬುಧವಾರ ಮಧ್ಯಾಹ್ನ ಫೋನ್: "ಸ್ಟೇಷನ್‌ಗೆ ಬಾ, ಸಾಹೇಬ್ರು ಕರೀತಾರ."

ಕಾನೂನಿನಲ್ಲಿ ಇದಕ್ಕೊಂದು ದಾರಿ ಇದೆ. ಕಳ್ಳತನಕ್ಕೆ ಹೊಸ ಭಾರತೀಯ ನ್ಯಾಯ ಸಂಹಿತೆಯಲ್ಲಿ 303(2)ನೇ ಕಲಂ. ಹಳೆಯ ಐಪಿಸಿ 379 ಇದೇ. ಮೊದಲ ಸಲದ ತಪ್ಪಿಗೆ ಗರಿಷ್ಠ ಶಿಕ್ಷೆ ಮೂರು ವರ್ಷ. ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣಗಳಲ್ಲಿ ಎಫ್‌ಐಆರ್ ಆದ ಕೂಡಲೇ ಹಿಡಿದು ಹಾಕುವಂತಿಲ್ಲ. ಬಂಧನ ಯಾಕೆ ಬೇಕು ಅನ್ನುವುದಕ್ಕೆ ಕಾರಣ ಬೇಕು: ಓಡಿಹೋಗಬಹುದು, ಸಾಕ್ಷಿ ನಾಶ ಮಾಡಬಹುದು, ಸಾಕ್ಷಿಗಳನ್ನು ಹೆದರಿಸಬಹುದು, ಇಂಥವು. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿ ಮಾಡಿತು. ಬಂಧನ ಬೇಡ ಎಂದಾದರೆ ಪೊಲೀಸರು ನೋಟಿಸ್ ಕೊಟ್ಟು ಕರೆಯುತ್ತಾರೆ. ವಕೀಲರ ಬಾಯಲ್ಲಿ ಅದು ಇನ್ನೂ '41ಎ ನೋಟಿಸ್'. ಅದು ಹಳೆಯ ಸಿಆರ್‌ಪಿಸಿಯ ನಂಬರ್. ಅದರ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈಗಿನ ನಂಬರ್ 35(3). ಆ ನೋಟಿಸ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ನಡೆಯುವುದಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕೈಗೆ ಕೊಡಬೇಕು.

ನೋಟಿಸ್ ಬಂದರೆ ಹೋಗಲೇಬೇಕು. ಹೋಗದಿದ್ದರೆ ಅದೇ ಬಂಧನಕ್ಕೆ ಕಾರಣವಾಗಬಹುದು. ಹೇಳಿದ ದಿನ ಹೋಗಿ ಸಹಕರಿಸುತ್ತಿದ್ದರೆ, ಕಾರಣ ಬರೆಯದೆ ಬಂಧಿಸುವಂತಿಲ್ಲ.

ಹನುಮೇಶ ಆರೋಪಿ ಅಲ್ಲದೆ ಬರೀ ಸಾಕ್ಷಿ ಆಗಿದ್ದರೂ ಕರೆಯುವುದು ಲಿಖಿತ ಆದೇಶದಿಂದಲೇ. ಸಾಕ್ಷಿ ಹೇಳಿಕೆಗಾಗಿ ಹೆಣ್ಣುಮಕ್ಕಳನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದ ಗಂಡಸರನ್ನು, ಅಂಗವಿಕಲರನ್ನು, ತೀವ್ರ ಕಾಯಿಲೆ ಇದ್ದವರನ್ನು ಠಾಣೆಗೆ ಬರಲೇಬೇಕು ಅನ್ನುವಂತಿಲ್ಲ. ಪೊಲೀಸರೇ ಮನೆಗೆ ಹೋಗಬೇಕು. ನಮ್ಮ ಅಜ್ಜಂದಿರು ಠಾಣೆಯ ಬೆಂಚಿನ ಮೇಲೆ ದಿನವೆಲ್ಲ ಕೂತಿರುವುದನ್ನು ನೋಡಿದಾಗ ನನಗೆ ಈ ಸಾಲು ನೆನಪಾಗುತ್ತದೆ.

ಗಡಿಯಾರ ಶುರು

ನೋಟಿಸ್ ಸಾಲದು, ಬಂಧಿಸಬೇಕು ಎಂದು ಅಧಿಕಾರಿ ಕಾರಣ ಬರೆದು ತೀರ್ಮಾನಿಸಿದರು ಎಂದುಕೊಳ್ಳಿ. ಬುಧವಾರ ಸಂಜೆ ಆರಕ್ಕೆ ಹನುಮೇಶನ ಬಂಧನ.

ಅದೇ ಕ್ಷಣ ಮಾಡಬೇಕಾದ್ದು ಕೆಲವು ಇವೆ. ಬಂಧಿಸುವವರ ಹೆಸರು ಸಮವಸ್ತ್ರದ ಮೇಲೆ ಕಾಣಬೇಕು. ಬಂಧನದ ಪತ್ರ ಅಂದರೆ ಅರೆಸ್ಟ್ ಮೆಮೊ ಬರೆಯಬೇಕು. ಅದಕ್ಕೆ ಮನೆಯವರೊಬ್ಬರೋ ಊರಿನ ಒಬ್ಬ ಗೌರವಸ್ಥರೋ ಸಾಕ್ಷಿ ಹಾಕಬೇಕು, ಹನುಮೇಶನೂ ಸಹಿ ಮಾಡಬೇಕು. ಯಾಕೆ ಹಿಡಿದಿದ್ದೇವೆ ಎಂದು ಅವನಿಗೆ ಹೇಳಬೇಕು. ಎಲ್ಲಿ ಇಟ್ಟಿದ್ದೇವೆ ಎಂದು ಮನೆಯವರಿಗೋ ಗೆಳೆಯನಿಗೋ ತಿಳಿಸಬೇಕು. ಸರ್ಕಾರಿ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮೈಮೇಲೆ ಗಾಯ ಇದ್ದರೆ ಅದು ಕಾಗದದ ಮೇಲೆ ಬರುವುದು ಇಲ್ಲಿಯೇ. ಹಾಗಾಗಿ ಡಾಕ್ಟರ ಮುಂದೆ ಬಾಯಿ ಬಿಡುವುದು ಮುಖ್ಯ.

ಇವುಗಳಲ್ಲಿ ಬಹಳಷ್ಟು ಮೊದಲು ಕಾನೂನಿನಲ್ಲಿ ಇರಲಿಲ್ಲ. 1986ರಲ್ಲಿ ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯ ಡಿ.ಕೆ. ಬಸು ಅವರು ಲಾಕಪ್ ಸಾವುಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ಸುದ್ದಿಗಳನ್ನು ಸೇರಿಸಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೋರ್ಟು ಆ ಪತ್ರವನ್ನೇ ಅರ್ಜಿ ಎಂದು ತೆಗೆದುಕೊಂಡಿತು. ಹತ್ತು ವರ್ಷದ ಮೇಲೆ, 1996ರ ಡಿಸೆಂಬರ್‌ನಲ್ಲಿ, ಹನ್ನೊಂದು ಸೂಚನೆ ಕೊಟ್ಟಿತು. ಆಮೇಲೆ ಅವು ಕಾನೂನಿನೊಳಗೇ ಸೇರಿದವು.

'ಯಾಕೆ ಹಿಡಿದಿದ್ದೇವೆ' ಅನ್ನುವುದರ ಬಗ್ಗೆ ಇತ್ತೀಚೆಗೆ ಸುಪ್ರೀಂ ಕೋರ್ಟ್ ಇನ್ನೂ ಬಿಗಿಯಾಗಿದೆ. 2025ರ ನವೆಂಬರ್‌ನ ತೀರ್ಪಿನ ಪ್ರಕಾರ ಬಂಧನದ ಕಾರಣವನ್ನು ಬರೆದೇ ಕೊಡಬೇಕು, ಅದೂ ಆತನಿಗೆ ಅರ್ಥವಾಗುವ ಭಾಷೆಯಲ್ಲಿ. ತೀರಾ ಅನಿವಾರ್ಯವಾಗಿ ಆಗ ಬಾಯಲ್ಲಿ ಹೇಳಿದ್ದರೂ, ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸುವುದಕ್ಕೆ ಕನಿಷ್ಠ ಎರಡು ತಾಸು ಮೊದಲು ಬರಹ ಕೈಸೇರಬೇಕು. ತೆಲುಗು ಮಾತ್ರ ಬರುವ ಕೂಲಿಯವನಿಗೆ ಕನ್ನಡದ ಕಾಗದ ಕೊಟ್ಟು ಸಹಿ ಹಾಕಿಸಿಕೊಂಡರೆ ಸಾಲದು.

ಇದೆಲ್ಲದರ ತಾಯಿಬೇರು ಸಂವಿಧಾನದ 22ನೇ ವಿಧಿ. ಕಾರಣ ತಿಳಿಯುವ ಹಕ್ಕು, ತನಗೆ ಬೇಕಾದ ವಕೀಲರನ್ನು ಕಾಣುವ ಹಕ್ಕು, 24 ತಾಸಿನೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗುವ ಹಕ್ಕು. ತಮಾಷೆ ನೋಡಿ, ಹನುಮೇಶ ಕಾನ್‌ಸ್ಟೆಬಲ್ ಪರೀಕ್ಷೆಗೆ ಇದನ್ನು ಓದಿಕೊಂಡಿದ್ದಾನೆ. 'ಬಂಧಿತರ ರಕ್ಷಣೆ ಯಾವ ವಿಧಿ?' ಅಂದರೆ ನಿದ್ದೆಗಣ್ಣಲ್ಲೂ 22 ಅನ್ನುತ್ತಾನೆ. ಆದರೆ ಅದು ತನಗೂ ಅನ್ವಯಿಸುತ್ತದೆ ಎಂದು ಅವನಿಗೆ ಈಗ ಹೊಳೆಯುವುದಿಲ್ಲ.

24 ತಾಸು ಅಂದರೆ ಗುರುವಾರ ಸಂಜೆ ಆರು. ಬಂಧಿಸಿದ ಜಾಗದಿಂದ ಕೋರ್ಟಿಗೆ ಹೋಗುವ ಪ್ರಯಾಣದ ಸಮಯ ಇದರಲ್ಲಿ ಸೇರುವುದಿಲ್ಲ. ಗೋವಾದಲ್ಲಿ ಹಿಡಿದು ತಂದರೆ ಆ ಲೆಕ್ಕ ಬೇರೆ. ಸಿಂಧನೂರಿನಲ್ಲಿ ಹಿಡಿದು ಸಿಂಧನೂರು ಕೋರ್ಟಿಗೆ ಒಯ್ಯಲು ಪ್ರಯಾಣದ ನೆಪ ಹೇಳಲಾಗದು. ಭಾನುವಾರ ಇದ್ದರೂ ಸಬೂಬಿಲ್ಲ. ರಜಾ ದಿನ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ಯುತ್ತಾರೆ.

ಆ ರಾತ್ರಿ ಠಾಣೆಯಲ್ಲಿ

ವಿಚಾರಣೆ ಶುರುವಾಗುತ್ತದೆ. ಹನುಮೇಶ ಉತ್ತರ ಕೊಡಲೇಬೇಕಾ?

ಹೆಸರು, ವಿಳಾಸದಂಥ ಪ್ರಶ್ನೆಗಳಿಗೆ ನಿಜ ಹೇಳಬೇಕು. ಆದರೆ ತನ್ನ ಮೇಲೆ ತಾನೇ ಅಪರಾಧ ಹೊರಿಸಿಕೊಳ್ಳುವ ಉತ್ತರ ಕೊಡು ಎಂದು ಒತ್ತಾಯ ಮಾಡುವಂತಿಲ್ಲ. ಇದು 20(3)ನೇ ವಿಧಿ. ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಯನ್ನು ಒಪ್ಪಿಗೆ ಇಲ್ಲದೆ ಮಾಡುವಂತಿಲ್ಲ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದರ ಮೇಲೆಯೇ. ಆ ಪ್ರಕರಣದ ಹೆಸರು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. ಬೆರಳಚ್ಚು, ಫೋಟೊ ಮಾತ್ರ ಬೇರೆ. ಅವನ್ನು ಕೊಡಬೇಕಾಗುತ್ತದೆ. ನಾಲಿಗೆಯಿಂದ ಬರುವುದಕ್ಕೆ ಇರುವ ರಕ್ಷಣೆ ಬೆರಳಿಗೆ ಇಲ್ಲ ಅನ್ನಬಹುದು.

ವಿಚಾರಣೆ ನಡೆಯುವಾಗ ವಕೀಲರನ್ನು ಕಾಣಬಹುದು. ಇಡೀ ಹೊತ್ತು ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಿಲ್ಲ, ಭೇಟಿಯ ಹಕ್ಕಿದೆ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ? ಬಂಧನದಲ್ಲಿ ಇರುವವರಿಗೆ ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಮೂರೂ ಜಿಲ್ಲೆಗಳಲ್ಲಿ ಇದೆ. ಸಹಾಯವಾಣಿ 15100. ರಾತ್ರಿ ಹತ್ತಕ್ಕೆ ಫೋನ್ ಹಚ್ಚುವ ಆ ತಾಯಿ ಲೀಡರ್ ನಂಬರ್ ಜತೆ ಇದನ್ನೂ ಇಟ್ಟುಕೊಂಡಿದ್ದರೆ ಒಳ್ಳೆಯದು.

ಈಗ ಎಲ್ಲರೂ ತಪ್ಪು ತಿಳಿಯುವ ವಿಷಯ. ಬೆಳಿಗ್ಗೆ ಪತ್ರಿಕೆಯಲ್ಲಿ 'ವಿಚಾರಣೆ ವೇಳೆ ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ' ಎಂದು ಬಂದರೆ ಕೇಸು ಮುಗಿಯಿತು ಅಂದುಕೊಳ್ಳುತ್ತೇವೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಗೆ ಕೋರ್ಟಿನಲ್ಲಿ ಬೆಲೆ ಇಲ್ಲ. ಹೊಡೆತದ ಭಯಕ್ಕೆ ಯಾರು ಏನು ಬೇಕಾದರೂ ಒಪ್ಪಿಕೊಳ್ಳಬಹುದು, ಅದಕ್ಕೇ ಈ ನಿಯಮ. ಒಂದು ಕಿಂಡಿ ಮಾತ್ರ ಇದೆ. 'ಕೇಬಲ್‌ನ್ನು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟಿದ್ದೇನೆ' ಎಂದು ಹೇಳಿ, ಅದು ಅಲ್ಲೇ ಸಿಕ್ಕರೆ, ಆ ಮಾಲು ಸಿಗಲು ಕಾರಣವಾದ ಮಾತಿನಷ್ಟು ಭಾಗ ಸಾಕ್ಷಿಯಾಗುತ್ತದೆ. ಆಗ ಪಂಚರನ್ನು, ಅಂದರೆ ಕಣ್ಣಾರೆ ನೋಡುವ ಹೊರಗಿನವರನ್ನು ಕರೆದು, ಸಿಕ್ಕಿದ್ದನ್ನು ಬರೆದಿಡುವ ಪಂಚನಾಮೆ ಮಾಡುತ್ತಾರೆ. ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸಿಕೊಳ್ಳುವಂತಿಲ್ಲ ಅನ್ನುವುದೂ ಬಹಳ ಜನರಿಗೆ ಗೊತ್ತಿಲ್ಲ.

ಹನುಮೇಶನ ಜಾಗದಲ್ಲಿ ಹೆಣ್ಣುಮಗಳು ಇದ್ದಿದ್ದರೆ ಸಂಜೆ ಆರರ ಬಂಧನವೇ ಪ್ರಶ್ನೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಣ್ಣುಮಕ್ಕಳನ್ನು ಬಂಧಿಸುವಂತಿಲ್ಲ. ತೀರಾ ಅಪರೂಪದ ಸಂದರ್ಭ ಇದ್ದರೆ ಮಹಿಳಾ ಅಧಿಕಾರಿ ಮ್ಯಾಜಿಸ್ಟ್ರೇಟರ ಅನುಮತಿ ಮೊದಲೇ ಪಡೆದು ಬರಬೇಕು. 18 ತುಂಬದ ಹುಡುಗ ಆಗಿದ್ದರೆ ಲಾಕಪ್ಪಿಗೂ ಹಾಕುವಂತಿಲ್ಲ, ಜೈಲಿಗೂ ಕಳಿಸುವಂತಿಲ್ಲ. ಅವನು ಹೋಗಬೇಕಾದ್ದು ಬಾಲ ನ್ಯಾಯ ಮಂಡಳಿಯ ಮುಂದೆ.

ಕಳ್ಳನಿಗೆ ಇಷ್ಟೆಲ್ಲ ಯಾಕೆ ಎಂದು ಕೇಬಲ್ ಕಳೆದುಕೊಂಡ ರೈತ ಕೇಳಿದರೆ ತಪ್ಪಲ್ಲ. ಅವನ ಬೆಳೆ ಒಣಗುತ್ತಿದೆ. ಅದಕ್ಕೆ ನಮ್ಮ ಕಡೆಯದೇ ಉದಾಹರಣೆ ಹೇಳಬಹುದು. ತುಂಗಭದ್ರೆಯ ನೀರು ಇಲ್ಲದೆ ನಾವಿಲ್ಲ. ಆದರೆ 2024ರ ಆಗಸ್ಟ್‌ನಲ್ಲಿ 19ನೇ ಗೇಟು ಕಿತ್ತು ಹೋದಾಗ ಅದೇ ನೀರಿಗೆ ಎಷ್ಟು ಹೆದರಿದೆವು! ಪೊಲೀಸರ ಅಧಿಕಾರವೂ ಬೇಕೇ ಬೇಕು, ಅದಕ್ಕೆ ಗೇಟೂ ಬೇಕು. ಆ ರೈತನಿಗೂ ಹಕ್ಕಿದೆ. 2013ರ ಲಲಿತಾ ಕುಮಾರಿ ತೀರ್ಪಿನ ಪ್ರಕಾರ ಇಂಥ ಅಪರಾಧದ ದೂರು ಬಂದರೆ ಎಫ್‌ಐಆರ್ ಮಾಡಬೇಕು. ಘಟನೆ ನಮ್ಮ ವ್ಯಾಪ್ತಿಯಲ್ಲಿ ಆಗಿಲ್ಲ ಎಂದು ವಾಪಸ್ ಕಳಿಸುವಂತಿಲ್ಲ, 'ಜೀರೊ ಎಫ್‌ಐಆರ್' ಮಾಡಿ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಎಫ್‌ಐಆರ್ ಪ್ರತಿ ದೂರುದಾರನಿಗೆ ಉಚಿತ.

ಗುರುವಾರ, ಕೋರ್ಟು

ಮ್ಯಾಜಿಸ್ಟ್ರೇಟ್ ಮುಂದೆ ನಿಂತಾಗ ಹನುಮೇಶ ಮಾತಾಡಬಹುದು. ಹೊಡೆದಿದ್ದರೆ ಹೇಳಬೇಕಾದ ಜಾಗ ಇದೇ. ಪೊಲೀಸರು 'ಇನ್ನೂ ವಿಚಾರಣೆ ಬಾಕಿ ಇದೆ, ನಮ್ಮ ವಶಕ್ಕೆ ಕೊಡಿ' ಎಂದು ಕೇಳಬಹುದು. ಅದು ಪೊಲೀಸ್ ಕಸ್ಟಡಿ, ಒಟ್ಟು 15 ದಿನ ಮೀರುವಂತಿಲ್ಲ. ಬೇಡ ಅನಿಸಿದರೆ ಜೈಲಿಗೆ ಕಳಿಸುತ್ತಾರೆ. ಅದು ನ್ಯಾಯಾಂಗ ಬಂಧನ, ಕೋರ್ಟಿನ ಆದೇಶ ಇಲ್ಲದೆ ಪೊಲೀಸರ ಕೈಗೆ ಸಿಗುವುದಿಲ್ಲ.

ಕಳ್ಳತನ 'ಜಾಮೀನು ರಹಿತ' ಅಪರಾಧ. ಈ ಪದ ಕೇಳಿ ಮನೆಯವರು ಎದೆ ಒಡೆದುಕೊಳ್ಳುತ್ತಾರೆ. ಜಾಮೀನು ಸಿಗುವುದೇ ಇಲ್ಲ ಎಂದು ಅದರ ಅರ್ಥ ಅಲ್ಲ. ಹಕ್ಕಾಗಿ ಸಿಗುವುದಿಲ್ಲ, ಕೋರ್ಟು ಯೋಚಿಸಿ ಕೊಡುತ್ತದೆ, ಅಷ್ಟೇ. ಜಾಮೀನುದಾರರು ಪಹಣಿ ಹಿಡಿದು ಬಂದು ನಿಲ್ಲಬೇಕಾಗುತ್ತದೆ. ಇಂಥ ಪ್ರಕರಣದಲ್ಲಿ 60 ದಿನದೊಳಗೆ ಪೊಲೀಸರ ದೋಷಾರೋಪ ಪಟ್ಟಿ (ಚಾರ್ಜ್‌ಶೀಟ್) ಕೋರ್ಟಿಗೆ ಬರದಿದ್ದರೆ ಮಾತ್ರ ಜಾಮೀನು ಹಕ್ಕೇ ಆಗಿಬಿಡುತ್ತದೆ.

24 ತಾಸು ದಾಟಿದರೂ ಕೋರ್ಟಿಗೆ ಒಯ್ಯದಿದ್ದರೆ? ಎಸ್‌ಪಿಗೆ ಲಿಖಿತ ದೂರು, ರಾಜ್ಯ ಮಾನವ ಹಕ್ಕುಗಳ ಆಯೋಗ, ಇವು ಇವೆ. ಎಲ್ಲಕ್ಕಿಂತ ಗಟ್ಟಿ ದಾರಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್. 'ಆ ಮನುಷ್ಯನನ್ನು ತಂದು ನಿಲ್ಲಿಸಿ' ಎಂದು ಕೇಳುವ ಅರ್ಜಿ ಅದು. ರಾಯಚೂರಿನವರು ಕಲಬುರಗಿ ಪೀಠಕ್ಕೆ ಹೋಗಬೇಕು. ಕೊಪ್ಪಳ, ಬಳ್ಳಾರಿಯವರು ಧಾರವಾಡಕ್ಕೆ. ಠಾಣೆಯ ಸಿಸಿಟಿವಿಯನ್ನೂ ಕೇಳಬಹುದು. 18 ತಿಂಗಳು, ಆಗದಿದ್ದರೆ ಕನಿಷ್ಠ ಒಂದು ವರ್ಷದ ದೃಶ್ಯ ಇಟ್ಟಿರಬೇಕು ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಈ 24 ತಾಸಿನ ನಿಯಮಕ್ಕೆ ಒಂದು ದೊಡ್ಡ ಅಪವಾದ ಇದೆ, ಮುನ್ನೆಚ್ಚರಿಕೆ ಬಂಧನ. ಗೂಂಡಾ ಕಾಯ್ದೆ ಎಂದು ಜನ ಕರೆಯುವ 1985ರ ರಾಜ್ಯ ಕಾನೂನು ಇಂಥದ್ದು. ಮಾಡಿದ ತಪ್ಪಿಗೆ ಶಿಕ್ಷೆ ಅಲ್ಲ, ಮುಂದೆ ಮಾಡಬಹುದು ಅನ್ನುವ ಅನುಮಾನಕ್ಕೆ ಒಳಗೆ ಹಾಕುವುದು. ಅಲ್ಲೂ ಕಾರಣ ತಿಳಿಸಬೇಕು. ಮೂರು ತಿಂಗಳು ಮೀರಬೇಕಾದರೆ ಸಲಹಾ ಮಂಡಳಿ ಒಪ್ಪಬೇಕು. ಚುನಾವಣೆ ಹತ್ತಿರ ಬಂದಾಗ ಬಳ್ಳಾರಿ ಕಡೆ ಕೇಳಿಬರುವ ಗಡಿಪಾರು ಇದಕ್ಕಿಂತ ಬೇರೆ. ಅದು ಪೊಲೀಸ್ ಕಾಯ್ದೆಯಡಿ ಜಿಲ್ಲೆ ಬಿಟ್ಟು ಹೋಗು ಅನ್ನುವ ಆದೇಶ, ಬಂಧನ ಅಲ್ಲ.

ಮತ್ತೆ ಮೈದಾನಕ್ಕೆ

ಹನುಮೇಶನ ವಿರುದ್ಧ ಏನೂ ಸಿಗಲಿಲ್ಲ ಎಂದುಕೊಳ್ಳೋಣ. ಪೊಲೀಸರು ಕೋರ್ಟಿಗೆ 'ಬಿ ರಿಪೋರ್ಟ್', ಅಂದರೆ ಪುರಾವೆ ಸಿಗಲಿಲ್ಲ, ಪ್ರಕರಣ ಮುಗಿಸಿ ಅನ್ನುವ ವರದಿ ಹಾಕುತ್ತಾರೆ. ಕೋರ್ಟು ಒಪ್ಪಿದರೆ ಪ್ರಕರಣ ಅಲ್ಲಿಗೆ ಮುಗಿಯಿತು. ಹನುಮೇಶ ಮತ್ತೆ ಓಡಲು ಶುರು ಮಾಡುತ್ತಾನೆ. ಪರೀಕ್ಷೆ ಬರೆದು, ಓಟ ಮುಗಿಸಿ, ಆಯ್ಕೆ ಪಟ್ಟಿಯಲ್ಲಿ ಹೆಸರೂ ಬರುತ್ತದೆ. ಆಗ ನಡತೆ ಪರಿಶೀಲನೆಯ ನಮೂನೆ ಕೈಗೆ ಸಿಗುತ್ತದೆ. ಅದರಲ್ಲೊಂದು ಪ್ರಶ್ನೆ: ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ, ಪ್ರಕರಣ ಇತ್ತೇ?

ಇಲ್ಲಿ ಬಹಳ ಹುಡುಗರು ಎಡವುತ್ತಾರೆ. 'ಮುಗಿದ ಕೇಸು, ಯಾಕೆ ಹೇಳಬೇಕು' ಎಂದು 'ಇಲ್ಲ' ಬರೆದುಬಿಡುತ್ತಾರೆ. ಪರಿಶೀಲನೆಗೆ ಹೋಗುವುದು ಅದೇ ಠಾಣೆಗೆ. ದಾಖಲೆ ಅಲ್ಲೇ ಇರುತ್ತದೆ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ವಿಷಯವನ್ನು ವಿವರವಾಗಿ ನೋಡಿದೆ. ನಿಜ ಹೇಳಿದರೂ ಕೆಲಸ ಕೊಡಲೇಬೇಕು ಎಂದೇನಿಲ್ಲ. ಪ್ರಕರಣ ಯಾವ ಥರದ್ದು, ಹೇಗೆ ಮುಗಿಯಿತು ಎಂದು ಇಲಾಖೆ ತೂಗಿ ನೋಡುತ್ತದೆ. ಮುಚ್ಚಿಟ್ಟರೆ ಆ ಮುಚ್ಚಿಟ್ಟಿದ್ದೇ ಆಯ್ಕೆ ರದ್ದಾಗಲು ಕಾರಣವಾಗಬಹುದು.

ಹಾಗಾಗಿ ಹನುಮೇಶ ಆ ಕಾಲಂನಲ್ಲಿ 'ಹೌದು' ಎಂದು ಬರೆಯಬೇಕು. ಅಪರಾಧ ಸಂಖ್ಯೆ, ಠಾಣೆ, ಕಲಂ, ಕೋರ್ಟಿನ ಆದೇಶದ ದಿನಾಂಕ ಹಾಕಬೇಕು. ಬಿ ರಿಪೋರ್ಟ್ ಒಪ್ಪಿದ ಆದೇಶದ ದೃಢೀಕೃತ ನಕಲು ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಎರಡು ಪ್ರತಿ ತೆಗೆದುಕೊಂಡರೆ ಒಳ್ಳೆಯದು. ಒಂದು ನಮೂನೆಯ ಜತೆಗೆ, ಇನ್ನೊಂದು ಮನೆಯಲ್ಲಿ, ಪಿಯುಸಿ ಅಂಕಪಟ್ಟಿ ಮತ್ತು ಅನುಬಂಧ-ಎ ಇಟ್ಟಿರುವ ಅದೇ ಫೈಲಿನಲ್ಲಿ.